ಹುಳ ಹಣ್ಣಾದ ದಿನ ಒಂದಿಷ್ಟು ಲ್ಯಾಟಿನ್

ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ನಮ್ಮ ಚಿಕ್ಕಮ್ಮ ರೇಷ್ಮೆಹುಳ ಸಾಕುತ್ತಾರೆ. ಹುಳ ಹಣ್ಣಾದರೆ, ಅಂದರೆ ಗೂಡು ಕಟ್ಟೋಕೆ ತಯಾರಾದರೆ, ಮನೆಗೆ ಬಂದವರಿಗೂ ಬಿಡುವಿಲ್ಲ. ಮೇಯೋದು ಬಿಟ್ಟ ಹುಳಗಳನ್ನು ಆರಿಸಿ ಬೇಗ ಬೇಗ ಚಂದ್ರಂಕಿಗೆ, ಅಂದರೆ ಅವು ಗೂಡು ಕಟ್ಟೋ ತಟ್ಟೆಗೆ, ಬಿಡಬೇಕು. ತಡವಾದರೆ ಸೊಪ್ಪಿನ ಮೇಲೇ ನೂಲು ಸುತ್ತಿಬಿಡುತ್ತವೆ.

ಚಿಕ್ಕಮ್ಮನ ಮಗಳಿಗೆ ಮರುದಿನ ಜೀವಶಾಸ್ತ್ರದ ಟೆಸ್ಟ್. ಹುಳ ಆರಿಸುತ್ತಲೇ ಬಾಯಿಪಾಠ ನಡೆದಿತ್ತು. "ರೇಷ್ಮೆಹುಳದ ವೈಜ್ಞಾನಿಕ ಹೆಸರು ಬಾಂಬಿಕ್ಸ್ ಮೋರಿ ಅಂತೆ! ಮೋರಿ ಅಂದ್ರೆ ಚರಂಡಿ ಅಲ್ವಾ ಅಣ್ಣಾ?" ಅಂತ ನಕ್ಕಳು. ನನಗೆ ಪದಗಳ ಹುಚ್ಚು. ಸುಮ್ನೆ ಇರೋಕಾಗಲಿಲ್ಲ.

ಬಾಂಬಿಕ್ಸ್ ಅನ್ನೋದು ಗ್ರೀಕರು ರೇಷ್ಮೆಹುಳಕ್ಕೆ ಇಟ್ಟ ಹೆಸರು. ಮೋರಿ ಲ್ಯಾಟಿನ್, ಹಿಪ್ಪುನೇರಳೆಯದು ಅಂತ ಅರ್ಥ. ಮರಿಹುಳದ ಹಂತಕ್ಕೆ ಹೇಳೋ ಲಾರ್ವಾ ಕೂಡ ಲ್ಯಾಟಿನ್ನೇ. ಅದಕ್ಕೆ ದೆವ್ವ ಅನ್ನೋ ಅರ್ಥವೂ ಇದೆ, ಮುಖವಾಡ ಅನ್ನೋ ಅರ್ಥವೂ ಇದೆ. 18ನೇ ಶತಮಾನದಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಅದನ್ನು ಹುಳಕ್ಕೆ ಬಳಸಿದರು. ಪತಂಗದ ನಿಜರೂಪ ಒಳಗಿದೆ, ಹುಳ ಬರೀ ಮುಖವಾಡ ಅನ್ನೋ ಲೆಕ್ಕ.

"ಮನೆ ನಡೆಸೋ ಹುಳಕ್ಕೆ ದೆವ್ವ ಅಂತಾರಾ?" ಚಿಕ್ಕಮ್ಮನಿಗೆ ಸಿಟ್ಟೇ ಬಂತು. ನನಗೂ ಆ ಹೆಸರು ಅಷ್ಟು ಹಿಡಿಸಿಲ್ಲ. ಗೂಡು ಕಟ್ಟೋದು ಈ ಮುಖವಾಡವೇ ಹೊರತು ಪತಂಗವಲ್ಲ.

ರೇಷ್ಮೆ ಕೃಷಿಗೆ ಹೇಳೋ ಸೆರಿಕಲ್ಚರ್ ಪದದ ಕಥೆ ಇನ್ನೂ ಚೆನ್ನಾಗಿದೆ. ರೇಷ್ಮೆ ಬರುತ್ತಿದ್ದ ದೂರದ ಪೂರ್ವದ ಜನರನ್ನು ಗ್ರೀಕರು ಸೇರೆಸ್ ಅಂತ ಕರೆಯುತ್ತಿದ್ದರು. ಅದರಿಂದ ಸೆರಿ. ಕೃಷಿ ಅನ್ನೋ ಕಲ್ಚರ್ ಲ್ಯಾಟಿನ್ನಿಂದ ಬಂದು ಅಂಟಿಕೊಂಡಿತು. ಆ ಜನ ಮರದ ಎಲೆಗಳಿಂದ ರೇಷ್ಮೆಯನ್ನು ಬಾಚಿ ತೆಗೆಯುತ್ತಾರೆ ಅಂತ 1ನೇ ಶತಮಾನದ ರೋಮಿನ ಪ್ಲಿನಿ ಬರೆದಿದ್ದಾನೆ. "ಅವನನ್ನ ಒಂದು ಬೆಳೆ ಇಲ್ಲಿ ಕೂರಿಸಬೇಕಿತ್ತು, ಸೊಪ್ಪು ಕುಯ್ದೂ ಕುಯ್ದೂ ಗೊತ್ತಾಗೋದು" ಅಂದರು ಚಿಕ್ಕಮ್ಮ.

ಹತ್ತಿರದಿಂದ ನೋಡಿ ಇಟ್ಟ ಹೆಸರು ಅಂದರೆ ನಮ್ಮವರ 'ಜ್ವರ'. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇಯಲ್ಲ, ತಲೆ ಎತ್ತಿ ಅಲುಗಾಡದೆ ಕೂರುತ್ತದೆ. ಜ್ವರಕ್ಕೆ ಕೂತಿದೆ ಅಂತಾರೆ. ಹೊಸಬರಿಗೂ ಥಟ್ಟನೆ ಅರ್ಥವಾಗುತ್ತೆ.

ಪ್ಯೂಪಾ, ಅಂದರೆ ಗೂಡಿನೊಳಗೆ ಪತಂಗವಾಗೋ ಮುಂಚಿನ ಹಂತ, ಅದೊಂದನ್ನು ಮಾತ್ರ ತಂಗಿ ಬಾಯಿಪಾಠ ಮಾಡಬೇಕಾಗಿರಲಿಲ್ಲ. ಲ್ಯಾಟಿನ್ನಿನಲ್ಲಿ ಅದು ಗೊಂಬೆ. ಶಿಡ್ಲಘಟ್ಟದಲ್ಲಿ ಗೂಡು ಬೇಯಿಸಿ ನೂಲು ಬಿಚ್ಚಿದ ಮೇಲೆ ಉಳಿಯೋ ಮಾಲು. ಎಣ್ಣೆ ತೆಗೆಯೋಕೆ, ಕೋಳಿ ಮೀನುಗಳ ಮೇವಿಗೆ ತೂಕದ ಲೆಕ್ಕದಲ್ಲಿ ಹೋಗುತ್ತೆ. ಅದರ ವಾಸನೆಯಂತೂ ಬಸ್ಸಲ್ಲಿ ಕೂತವರಿಗೂ ಗೊತ್ತು.