ಕೊನೇ ಕೈಗೆ ಎಷ್ಟು ಕಟ್ಟಬೇಕು?

"ಮೇಷ್ಟ್ರೇ, ಕೊನೇ ಕೈಗೆ ಎಷ್ಟು ಕಟ್ಟಬೇಕ್ರಿ?"

ಪಿಯು ಮಕ್ಕಳಿಗೆ ಸಂಭವನೀಯತೆ ಪಾಠ ಮಾಡ್ತೀನಿ ಅನ್ನೋ ಕಾರಣಕ್ಕೆ ದಾವಣಗೆರೆಯಲ್ಲಿ ಈ ಪ್ರಶ್ನೆ ನನ್ನ ಪಾಲಿಗೆ ಬಂದಿದೆ. ಕೇಳುವವರು ಗೋವಾಕ್ಕೋ ಕೊಲಂಬೊಕ್ಕೋ ಕ್ಯಾಸಿನೊ ಟೂರ್ನಮೆಂಟ್ ಆಡಲು ಹೊರಟ ಮಂಡಿಪೇಟೆಯ ವ್ಯಾಪಾರಿಗಳು, ನನ್ನ ಹಳೇ ವಿದ್ಯಾರ್ಥಿಗಳು. ದೀಪಾವಳಿ ಇಸ್ಪೀಟಿನಲ್ಲಿ ಕೈ ಪಳಗಿದವರು. ಕ್ಯಾಸಿನೊ ಪರವಾಗಿ ಎಲೆ ಹಂಚುವ ಡೀಲರ್‌ಗಿಂತ ಹೆಚ್ಚು, ಆದರೆ 21 ದಾಟದಂತೆ ಮೊತ್ತ ಮಾಡುವ ಬ್ಲ್ಯಾಕ್‌ಜ್ಯಾಕ್ ಚೆನ್ನಾಗಿ ಗೊತ್ತು, ಆದರೂ ಟೂರ್ನಮೆಂಟಿನ ಮೊದಲ ಸುತ್ತಿನಲ್ಲೇ ಹೊರಬೀಳುತ್ತಾರೆ.

ನಾನು ಅವರಿಗೆ ಹೇಳುವುದು ಇಷ್ಟು: ಟೂರ್ನಮೆಂಟಿನಲ್ಲಿ ನಿಮ್ಮ ಎದುರಾಳಿ ಡೀಲರ್ ಅಲ್ಲ, ಪಕ್ಕದ ಕುರ್ಚಿಯವನು. ಪ್ರವೇಶ ಶುಲ್ಕ ಕಟ್ಟಿದ ಮೇಲೆ ಎಲ್ಲರಿಗೂ ಒಂದೇ ಮೊತ್ತದ ಚಿಪ್ಸ್, ಅಂದರೆ ಬಾಜಿ ಕಟ್ಟುವ ಬಿಲ್ಲೆಗಳು, ಸಿಗುತ್ತವೆ. ಸಾಮಾನ್ಯವಾಗಿ ಅವನ್ನು ನಗದಾಗಿ ಬದಲಿಸಿಕೊಳ್ಳಲು ಬರುವುದಿಲ್ಲ. ನಿಗದಿಯಾದಷ್ಟು ಕೈ, ಅಂದರೆ ಎಲೆ ಹಂಚಿ ಆಡುವ ಒಂದೊಂದು ಆಟ, ಮುಗಿದಾಗ ಯಾರ ಮುಂದೆ ಹೆಚ್ಚು ಚಿಪ್ಸ್ ಇರುತ್ತವೋ ಅವರು ಮುಂದಿನ ಸುತ್ತಿಗೆ. ನೀವು ಆರಂಭದ ಚಿಪ್ಸ್‌ನ ಅರ್ಧ ಕಳೆದುಕೊಂಡಿದ್ದರೂ ಸರಿ, ಉಳಿದವರು ನಿಮಗಿಂತ ಹೆಚ್ಚು ಕಳೆದುಕೊಂಡಿದ್ದರೆ ಗೆದ್ದವರು ನೀವೇ. ಹಾಗಾಗಿ ಎಷ್ಟು ಕಟ್ಟಬೇಕು ಅನ್ನುವುದಕ್ಕೆ ಉತ್ತರ ನಿಮ್ಮ ಎಲೆಯಲ್ಲಿ ಇಲ್ಲ, ಎದುರಿನವರ ಚಿಪ್ಸ್ ರಾಶಿಯಲ್ಲಿದೆ.

ಒಂದು ಲೆಕ್ಕ ನೋಡಿ. ಬ್ಲ್ಯಾಕ್‌ಜ್ಯಾಕ್‌ನ ಕೊನೇ ಕೈ. ನಿಮ್ಮ ಹತ್ತಿರ 1,000, ಮುಂದಿರುವವನ ಹತ್ತಿರ 1,200. ಗರಿಷ್ಠ ಬಾಜಿ 500, ಚಿಕ್ಕ ಚಿಪ್ 25ರದು. ಅವನು ಮೊದಲು ಕಟ್ಟಬೇಕು, 500 ಕಟ್ಟಿದ. ಗೆದ್ದರೆ 1,700, ಸೋತರೆ 700. ಬಹಳ ಜನ ಈ ಹೊತ್ತಿಗೆ ತಾವೂ 500 ತಳ್ಳುತ್ತಾರೆ. ಆಗ ಇಬ್ಬರೂ ಗೆದ್ದರೆ 1,500ಕ್ಕೆ ನೀವು ಹಿಂದೆ, ಇಬ್ಬರೂ ಸೋತರೆ 500ಕ್ಕೆ ನೀವು ಹಿಂದೆ. ಡೀಲರ್ 21 ದಾಟಿ ಬಸ್ಟ್ ಆದರೆ ಕೈ ಉಳಿಸಿಕೊಂಡವರೆಲ್ಲ ಒಟ್ಟಿಗೆ ಗೆಲ್ಲುತ್ತಾರೆ, ಡೀಲರ್‌ಗೆ 20 ಬಂದರೆ ಬಹುತೇಕ ಎಲ್ಲರೂ ಒಟ್ಟಿಗೆ ಸೋಲುತ್ತಾರೆ. ಅವನು ಸೋತು ನೀವೊಬ್ಬರೇ ಗೆಲ್ಲುವ ಕೈ ಕಡಿಮೆ.

ಅದರ ಬದಲು 275 ಕಟ್ಟಿ. ಇಬ್ಬರೂ ಸೋತರೆ ನಿಮ್ಮ ಹತ್ತಿರ 725, ಅವನ ಹತ್ತಿರ 700. ಅಂದರೆ ಅವನು ಸೋತರೆ ಸಾಕು, ನಿಮ್ಮ ಕೈ ಏನೇ ಆಗಲಿ ಮುಂದಿನ ಸುತ್ತು ನಿಮ್ಮದು. ಅವನ ಕೈ ಡೀಲರ್‌ಗೆ ಸಮವಾಗಿ ಬಾಜಿ ವಾಪಸ್ ಬಂದು 1,200ರಲ್ಲೇ ನಿಂತರೂ, ನಿಮ್ಮದು ಗೆದ್ದರೆ 1,275. 300 ಕಟ್ಟಿದ್ದರೆ ಇಬ್ಬರೂ ಸೋತಾಗ 700-700, ಟೈ.

ಅದೇ ಮನುಷ್ಯ ಹೆದರಿ 100 ಮಾತ್ರ ಕಟ್ಟಿದ ಅನ್ನಿ. ಸೋತರೂ ಅವನ ಹತ್ತಿರ 1,100 ಉಳಿಯುತ್ತದೆ, ಕಡಿಮೆ ಕಟ್ಟಿ ಅವನನ್ನು ದಾಟಲು ಆಗುವುದಿಲ್ಲ. ನೀವು ಗೆಲ್ಲಲೇಬೇಕು. 325 ಕಟ್ಟಿದರೆ ಅವನ ಮಾಮೂಲಿ ಗೆಲುವನ್ನು ದಾಟುತ್ತೀರಿ, ಆದರೆ ಅವನು ಡಬಲ್ ಮಾಡಿ, ಅಂದರೆ ಎಲೆ ನೋಡಿದ ಮೇಲೆ ಬಾಜಿ ಇಮ್ಮಡಿಸಿ, ಗೆದ್ದರೆ 1,400. ಸೋತರೆ ಹೇಗೂ ಮನೆಗೆ ಅಂದ ಮೇಲೆ ಪೂರ್ತಿ 500 ಕಟ್ಟಿ, ಡಬಲ್‌ಗೆ ಇನ್ನೂ 500 ಕೈಯಲ್ಲಿರುತ್ತದೆ.

ಎರಡೂ ಸಲ ನಿಮಗೆ ದಾರಿ ಸಿಕ್ಕಿದ್ದು ನೀವು ಅವನ ನಂತರ ಕಟ್ಟಿದ್ದಕ್ಕೆ. ಮೆಕ್ಕೆಜೋಳದ ಹರಾಜಿನಲ್ಲಿ ಎಲ್ಲರ ಕೂಗು ಕೇಳಿಸಿಕೊಂಡು ಕೂಗುವವನಿಗೆ ಇರುವ ಅನುಕೂಲವೇ ಇದು. ಮೊದಲು ಕಟ್ಟುವ ಸರದಿ ಪ್ರತಿ ಕೈಗೂ ಒಬ್ಬೊಬ್ಬರಾಗಿ ಮುಂದೆ ಸರಿಯುತ್ತದೆ. ಕೊನೇ ಕೈಯಲ್ಲಿ ಅದು ಯಾರ ಮುಂದೆ ನಿಲ್ಲುತ್ತದೆ ಅಂತ ನಾಲ್ಕೈದು ಕೈ ಮೊದಲೇ ಎಣಿಸಿಕೊಳ್ಳಿ. ಆ ಸರದಿ ನಿಮಗೇ ಬರುತ್ತದೆ ಅಂದರೆ ಕೊನೇ ಕೈವರೆಗೆ ಕಾಯಬೇಡಿ, ಅದಕ್ಕೂ ಮುಂಚೆಯೇ ದೊಡ್ಡ ಬಾಜಿ ಕಟ್ಟಿ ಮುಂದೆ ಹೋಗಲು ನೋಡಿ.

ತೀರಾ ಹಿಂದೆ ಬಿದ್ದವರಿಗೆ ಬೇರೆಯದೇ ದಾರಿ. ಬ್ಯಾಕರಾ ಅನ್ನುವ ಆಟದಲ್ಲಿ ಬ್ಯಾಂಕರ್, ಪ್ಲೇಯರ್ ಅನ್ನುವ ಎರಡು ಕೈಗಳಲ್ಲಿ ಯಾವುದು ಗೆಲ್ಲುತ್ತದೆ, ಇಲ್ಲವೇ ಎರಡೂ ಸಮವಾಗಿ ಟೈ ಆಗುತ್ತದೆಯೇ ಅಂತ ಬಾಜಿ ಕಟ್ಟುತ್ತಾರೆ. ಬ್ಯಾಂಕರ್ ಮೇಲೆ ಕಟ್ಟಿದರೆ ಕ್ಯಾಸಿನೊಗೆ ಸಿಗುವ ಲಾಭಾಂಶ 1.06%, ಟೈ ಮೇಲೆ ಕಟ್ಟಿದರೆ 14%ಕ್ಕೂ ಮೇಲೆ. ನಿಜವಾದ ದುಡ್ಡಿನ ಆಟದಲ್ಲಿ ಟೈ ಮುಟ್ಟಲೇಬೇಡಿ ಅನ್ನುತ್ತೇನೆ. ಆದರೆ ಟೂರ್ನಮೆಂಟಿನ ಕೊನೇ ಕೈಯಲ್ಲಿ ನಿಮ್ಮ ಹತ್ತಿರ 400, ಮುಂದಿರುವವನ ಹತ್ತಿರ 2,500 ಇದ್ದರೆ? ಬ್ಯಾಂಕರ್ ಗೆದ್ದರೂ ಕ್ಯಾಸಿನೊದ ಕಮಿಷನ್ ಕಳೆದು 780ಕ್ಕೆ ನಿಲ್ಲುತ್ತೀರಿ. ಟೈಗೆ ಒಂದಕ್ಕೆ ಎಂಟು ಕೊಡುತ್ತಾರೆ, 3,600 ಆಗುತ್ತದೆ. ಟೈ ಬರುವುದು ನೂರಕ್ಕೆ ಒಂಬತ್ತೂವರೆ ಸಲ. ಕಡಿಮೆಯೇ, ಆದರೆ ಸೊನ್ನೆಗಿಂತ ಎಷ್ಟೋ ವಾಸಿ.

ಮೊಬೈಲ್ ಆ್ಯಪ್ ತೋರಿಸಿ ಇದೇ ಪ್ರಶ್ನೆ ಕೇಳುವವರಿಗೆ ನಾನು ಲೆಕ್ಕ ಹೇಳಿಕೊಡುವುದಿಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಕಾಯ್ದೆಯಲ್ಲಿ ನಿಷೇಧಿಸಿದೆ. ಟೂರ್ನಮೆಂಟಿನ ಪ್ರವೇಶ ಶುಲ್ಕವಾದರೂ ಅಷ್ಟೇ, ಹೋದರೂ ಮನೆ ಖರ್ಚಿಗೆ ತೊಂದರೆಯಾಗದ ದುಡ್ಡು ಆಗಿರಬೇಕು. ಸೋತವರು ಮತ್ತೆ ದುಡ್ಡು ಕಟ್ಟಿ ಒಳಗೆ ಬರಲು ಕೆಲವು ಕಡೆ ಅವಕಾಶ ಇರುತ್ತದೆ, ಆ ದುಡ್ಡನ್ನೂ ಹೊರಡುವ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಕೂರುವ ಮೊದಲು ನಿಯಮದ ಹಾಳೆ ಓದಿ, ಮೇಜಿನಿಂದ ಎಷ್ಟು ಜನ ಮುಂದೆ ಹೋಗುತ್ತಾರೆ ಅಂತ ನೋಡಿ. ಇಬ್ಬರು ಅಂತಿದ್ದರೆ ಲೆಕ್ಕವೇ ಬದಲಾಗುತ್ತದೆ. ಬ್ಯಾಕರಾ ಮೇಜಿನಲ್ಲಿ ಕೊನೇ ಕೈಗೆ ಮೂವರೇ ಉಳಿದಿದ್ದೀರಿ ಅಂದುಕೊಳ್ಳಿ. ಮೊದಲನೆಯವನ ಹತ್ತಿರ 2,400, ನಿಮ್ಮ ಹತ್ತಿರ 1,000, ಮೂರನೆಯವನ ಹತ್ತಿರ 700. ಮೊದಲನೆಯವನ ರಾಶಿ ಕಡೆ ನೋಡಲೇಬೇಡಿ. ಮೂರನೆಯವನು ಪ್ಲೇಯರ್ ಮೇಲೆ 500 ಕಟ್ಟಿದರೆ ನೀವೂ ಪ್ಲೇಯರ್ ಮೇಲೆಯೇ 225 ಕಟ್ಟಿ. ಪ್ಲೇಯರ್ ಗೆದ್ದರೆ ನಿಮಗೆ 1,225, ಅವನಿಗೆ 1,200. ಬ್ಯಾಂಕರ್ ಗೆದ್ದರೆ ನಿಮಗೆ 775, ಅವನಿಗೆ 200. ಟೈ ಆದರೆ ಇಬ್ಬರ ಬಾಜಿಯೂ ವಾಪಸ್, ನೀವು ಎರಡನೇ ಸ್ಥಾನದಲ್ಲೇ ಇರುತ್ತೀರಿ.