ಗೊರಕೆ ಕೊಡಿಸಿದ ಕ್ಯಾಶ್‌ಲೆಸ್

ಆಫೀಸಿನ ಇನ್ಶೂರೆನ್ಸ್‌ನಲ್ಲೇ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡೆ ಅಂತ ಸುದ್ದಿ ಹಬ್ಬಿದ ಮೇಲೆ, ಊಟದ ಹೊತ್ತಿಗೆ ನನ್ನ ಟೇಬಲ್ ಹತ್ತಿರ ಬರುವವರು ಜಾಸ್ತಿಯಾಗಿದ್ದಾರೆ. ಎಲ್ಲರದ್ದೂ ಒಂದೇ ಪ್ರಶ್ನೆ, ಅದೂ ಮೆಲ್ಲಗೆ: "ಮೇಡಂ, ಕವರ್ ಆಗುತ್ತಾ?" ಆಗುತ್ತೆ. ಆದರೆ ಯಾರಿಗೆ ಆಗುತ್ತೆ, ಯಾರಿಗೆ ಆಗಲ್ಲ ಅನ್ನೋದರಲ್ಲಿ ಒಂದು ತಮಾಷೆ ಇದೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಇಲ್ಲೇ ಬರೆದುಬಿಡುತ್ತೇನೆ.

ಪಾಲಿಸಿಯಲ್ಲಿ ‘ಇದಕ್ಕೆ ದುಡ್ಡು ಕೊಡುವುದಿಲ್ಲ’ ಅನ್ನುವ ಪಟ್ಟಿ ಇರುತ್ತದಲ್ಲ, ಅದರ ಭಾಷೆಯನ್ನು ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ 2019ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಥರ ಮಾಡಿತು. ಬೊಜ್ಜಿನದು ಅದರಲ್ಲಿ ಆರನೇ ಕೋಡ್. ಓದಲು ಶುರು ಮಾಡಿದರೆ ಬೊಜ್ಜಿನ ಆಪರೇಷನ್ನಿಗೆ ದುಡ್ಡಿಲ್ಲ ಅನ್ನಿಸುತ್ತದೆ. ಪೂರ್ತಿ ಓದಿದರೆ, ಈ ಷರತ್ತುಗಳೆಲ್ಲ ಕೂಡಿಬಂದರೆ ಉಂಟು ಅಂತಿದೆ. ಡಾಕ್ಟರ್ ಸಲಹೆ ಇರಬೇಕು, ವೈದ್ಯಕೀಯ ಪದ್ಧತಿಗೆ ಒಪ್ಪುವಂತಿರಬೇಕು, 18 ವರ್ಷ ತುಂಬಿರಬೇಕು. ಇವು ಮೂರೂ ಸುಲಭ. ಕಷ್ಟ ಇರುವುದು ನಾಲ್ಕನೆಯದರಲ್ಲಿ. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 40 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಇಲ್ಲವೇ 35 ಅಥವಾ ಅದಕ್ಕಿಂತ ಜಾಸ್ತಿ ಇದ್ದು, ಜೊತೆಗೆ ಈ ನಾಲ್ಕರಲ್ಲಿ ಒಂದು ಕಾಯಿಲೆ ಇರಬೇಕು: ಬೊಜ್ಜಿನಿಂದ ಬಂದ ಹೃದಯದ ಸ್ನಾಯುವಿನ ತೊಂದರೆ, ಹೃದಯದ ರಕ್ತನಾಳದ ಕಾಯಿಲೆ, ತೀವ್ರವಾದ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆ), ಇಲ್ಲವೇ ಹತೋಟಿಗೆ ಬಾರದ ಟೈಪ್ 2 ಸಕ್ಕರೆ ಕಾಯಿಲೆ. ಅದರ ಮೇಲೆ, ಆಪರೇಷನ್ ಇಲ್ಲದೆ ತೂಕ ಇಳಿಸಲು ನೋಡಿ ಸೋತಿರಬೇಕು.

ಕಂಪನಿ ಮನಸ್ಸು ಮಾಡಿದರೆ ಪ್ರೀಮಿಯಂ ಜಾಸ್ತಿ ಕಟ್ಟಿ ತನ್ನ ಗ್ರೂಪ್ ಪಾಲಿಸಿಯಲ್ಲಿ ಇದನ್ನು ಸಡಿಲ ಮಾಡಿಸಬಹುದು. ನಮ್ಮವರು ಮಾಡಿಸಿರಲಿಲ್ಲ. ನಮ್ಮದೊಂದು ಮಧ್ಯಮ ಗಾತ್ರದ ಫ್ಯಾಕ್ಟರಿ, ನಾನು ಅಕೌಂಟ್ಸ್‌ನಲ್ಲಿದ್ದೇನೆ. ಐದು ಲಕ್ಷದ ಕವರ್, ಅದೂ ನಾನು, ನಮ್ಮನೆಯವರು, ಮಗ, ಅತ್ತೆ ಎಲ್ಲರಿಗೂ ಸೇರಿ. ಆ ವರ್ಷ ಅತ್ತೆಯ ಕಣ್ಣಿನ ಪೊರೆ ಆಪರೇಷನ್ ಬೇರೆ ಆಗಿತ್ತು. ಆದರೂ ಗ್ರೂಪ್ ಪಾಲಿಸಿಯಲ್ಲಿ ಒಂದು ದೊಡ್ಡ ಅನುಕೂಲ ಇತ್ತು. ಸ್ವಂತವಾಗಿ ತಗೊಂಡ ಪಾಲಿಸಿಯಾದರೆ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ನಮ್ಮದರಲ್ಲಿ ಆ ಕಾಯುವಿಕೆ ಇರಲಿಲ್ಲ.

ನನ್ನ ಲೆಕ್ಕ ಹೀಗಿತ್ತು. ಎತ್ತರ 157 ಸೆಂಟಿಮೀಟರ್, ತೂಕ 90 ಕೆಜಿ. ಬಿಎಂಐ 36.5. ಸಕ್ಕರೆ ಕಾಯಿಲೆ ಮಗ ಹೊಟ್ಟೆಯಲ್ಲಿದ್ದಾಗ ಕಾಣಿಸಿಕೊಂಡು, ಆಮೇಲೆ ಖಾಯಂ ಆಯಿತು. ಸರ್ಜನ್ ಸ್ಲೀವ್ ಮಾಡೋಣ ಅಂದರು. ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದು, ಉಳಿದದ್ದನ್ನು ಉದ್ದನೆ ಕೊಳವೆಯಂತೆ ಬಿಡುವ ಆಪರೇಷನ್. ಆಸ್ಪತ್ರೆಯ ಎಸ್ಟಿಮೇಟ್ 4,20,000. ಬಿಎಂಐ 35 ದಾಟಿದೆ, ಶುಗರ್ ಇದೆ, ಇನ್ನೇನು ಬೇಕು ಅಂತ ಇನ್ಶೂರೆನ್ಸ್ ಡೆಸ್ಕಿನವರು ಪ್ರೀ-ಆಥ್, ಅಂದರೆ ಮುಂಚಿತ ಒಪ್ಪಿಗೆಯ ಅರ್ಜಿ, ಕಳಿಸಿದರು.

ಇನ್ಶೂರೆನ್ಸ್ ಕಂಪನಿಯ ಪರವಾಗಿ ಕ್ಲೈಮ್ ನೋಡುವ ಟಿಪಿಎಯಿಂದ ಕ್ವೆರಿ ಬಂತು. ‘ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲ ಎಂಬುದಕ್ಕೆ ದಾಖಲೆ ಕೊಡಿ.’ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ನನ್ನ ಎಚ್‌ಬಿಎ1ಸಿ ಆಗ 6.9, ಅಂದರೆ ಹತೋಟಿಯಲ್ಲೇ. ಯಾಕೆ ಅಷ್ಟಿತ್ತು? ನಾನು ಅನ್ನ ಬಿಟ್ಟು ರಾಗಿ ಮುದ್ದೆಯನ್ನೂ ಅಳೆದು ತಿನ್ನುತ್ತಿದ್ದೆ, ಮಾತ್ರೆ ತಪ್ಪಿಸುತ್ತಿರಲಿಲ್ಲ, ಬೆಳಗ್ಗೆ ಎದ್ದು ನಡೆಯುತ್ತಿದ್ದೆ. ಅದೇ ನನಗೆ ಮುಳುವಾಯಿತು! ಮಾತ್ರೆ ಬಿಟ್ಟು ಹೋಳಿಗೆ ತಿಂದುಕೊಂಡು ಒಂಬತ್ತು ಹತ್ತು ಮಾಡಿಕೊಂಡಿದ್ದರೆ ಷರತ್ತು ಪೂರೈಸಿದಂತೆ. ನಮ್ಮ ಸ್ಟೋರ್ಸ್‌ನ ಒಬ್ಬರು ಕ್ಯಾಲ್ಕುಲೇಟರ್ ಒತ್ತಿ, "99 ಕೆಜಿ ಆಗಿಬಿಡಿ ಮೇಡಂ, 40 ದಾಟುತ್ತೆ, ಯಾವ ಕಾಯಿಲೆಯೂ ಬೇಕಾಗಿಲ್ಲ" ಅಂದರು. ತಮಾಷೆಗೇ ಅಂದದ್ದು, ಆದರೆ ಲೆಕ್ಕ ಸರಿಯಾಗಿತ್ತು.

ಇನ್ನೊಂದು ಕಡೆಯಿಂದಲೂ ಇಕ್ಕಟ್ಟು. 86 ಕೆಜಿಗೆ ಇಳಿದರೆ ನಾನು 35ರ ಕೆಳಗೆ. ಆಪರೇಷನ್ನಿಗೆ ಮುಂಚೆ ಲಿವರ್ ಕುಗ್ಗಲಿ ಅಂತ ಎರಡು ವಾರ ಬರೀ ನೀರಾಹಾರದ ಹಾಗೆ ಇಡುತ್ತಾರೆ. ಸಾರಿನ ತಿಳಿ, ಮಜ್ಜಿಗೆ, ಪ್ರೊಟೀನ್ ಪುಡಿ. ಅದರಲ್ಲೇ ಮೂರು ನಾಲ್ಕು ಕೆಜಿ ಹೋಗುವುದುಂಟು. ಅದಕ್ಕೇ ನಮ್ಮ ಸರ್ಜನ್ ಮೊದಲ ದಿನದ ಎತ್ತರ, ತೂಕ ಎರಡನ್ನೂ ಲೆಟರ್‌ಹೆಡ್ ಮೇಲೆ ತಾರೀಖು ಹಾಕಿ ಬರೆದುಕೊಟ್ಟಿದ್ದರು. ಈ ಚೀಟಿ ತುಂಬಾ ಮುಖ್ಯ. ಡಯೆಟಿಷಿಯನ್ ಬಿಲ್, ಜಿಮ್ಮಿನ ರಸೀದಿ, ಹಳೆಯ ಪ್ರಿಸ್ಕ್ರಿಪ್ಷನ್ ಇವನ್ನೂ ಎಸೆಯಬೇಡಿ. ‘ಸೋತಿದ್ದೇನೆ’ ಅನ್ನೋದಕ್ಕೆ ಅವೇ ಸಾಕ್ಷಿ. ಅಕೌಂಟ್ಸ್‌ನವಳಾದ್ದರಿಂದ ನನ್ನ ಹತ್ತಿರ ಎಲ್ಲವೂ ಫೈಲಿನಲ್ಲಿತ್ತು.

ಕ್ಯಾಶ್‌ಲೆಸ್ (ಆಸ್ಪತ್ರೆಗೆ ಇನ್ಶೂರೆನ್ಸ್‌ನವರೇ ನೇರವಾಗಿ ಕಟ್ಟುವುದು) ಅರ್ಜಿಗೆ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು ಅಂತ ಐಆರ್‌ಡಿಎಐ 2024ರಲ್ಲಿ ಹೇಳಿದೆ. ಕ್ವೆರಿ ಮೇಲೆ ಕ್ವೆರಿ ಬರುವಾಗ ಆ ಒಂದು ಗಂಟೆ ಎಲ್ಲಿ ಅಡಗಿಕೊಳ್ಳುತ್ತದೋ ದೇವರೇ ಬಲ್ಲ. ಕೊನೆಗೆ ನಿರಾಕರಣೆ ಬಂತು. ಯಾವ ಕಲಮಿನ ಕೆಳಗೆ ಅಂತ ಬರೆದುಕೊಡಿ ಅಂದೆ. ಕೊಟ್ಟರು, ಆರನೇ ಕೋಡ್. ಎಚ್‌ಆರ್‌ನ ಹುಡುಗಿ ಪಾಪ, "ಅಕ್ಕಾ, ಸ್ವಲ್ಪ ದಿನ ಬಿಟ್ಟು ಮತ್ತೆ ಹಾಕೋಣ" ಅಂದಳು. ಕ್ಯಾಶ್‌ಲೆಸ್ ಆಗದಿದ್ದರೂ ಕೈಯಿಂದ ಕಟ್ಟಿ ಆಮೇಲೆ ಕ್ಲೈಮ್ ಹಾಕಬಹುದು, ಅದನ್ನೂ ಒಪ್ಪದಿದ್ದರೆ ಇನ್ಶೂರೆನ್ಸ್ ಕಂಪನಿಗೆ ದೂರು, ಅಲ್ಲೂ ಆಗದಿದ್ದರೆ ಬೆಂಗಳೂರು ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ, ಇನ್ಶೂರೆನ್ಸ್ ದೂರು ಕೇಳುವ ಒಂಬುಡ್ಸ್‌ಮನ್ ಕಚೇರಿ. ದಾರಿಗಳೇನೋ ಇವೆ. ಆದರೆ ಮೊದಲು ನಾಲ್ಕು ಲಕ್ಷ ಎಲ್ಲಿಂದ ತರೋದು?

ಆಗ ಬಾಯಿ ಬಿಟ್ಟವರು ನಮ್ಮನೆಯವರು. ಸರ್ಜನ್ ಎದುರು ಕೂತು, "ಡಾಕ್ಟ್ರೇ, ಇವಳ ಗೊರಕೆಗೆ ನಾನು ಹಾಲ್‌ನಲ್ಲಿ ಮಲಗೋಕೆ ಶುರು ಮಾಡಿ ವರ್ಷಗಳಾಯಿತು. ಮಧ್ಯೆ ಮಧ್ಯೆ ಸದ್ದೇ ನಿಂತುಹೋಗುತ್ತೆ, ನನಗೆ ಭಯವಾಗುತ್ತೆ" ಅಂದರು. ನನಗೆ ಮೈಯೆಲ್ಲಾ ಉರಿಯಿತು. ಎಲ್ಲಿ ಏನು ಹೇಳಬೇಕು ಅಂತ ಬೇಡವಾ? ಸರ್ಜನ್ ಮಾತ್ರ ಪೆನ್ನು ತೆಗೆದುಕೊಂಡು ಸ್ಲೀಪ್ ಸ್ಟಡಿ ಬರೆದರು.

ಆ ರಾತ್ರಿ ಮರೆಯುವ ಹಾಗಿಲ್ಲ. ತಲೆಗೂದಲು ಬಗೆದು ಬಗೆದು ಪೇಸ್ಟ್ ಹಚ್ಚಿ ವೈರು ಅಂಟಿಸಿದರು. ಗಲ್ಲಕ್ಕೊಂದು, ಕಣ್ಣಿನ ಪಕ್ಕಕ್ಕೊಂದು, ಕಾಲಿಗೊಂದು. ಎದೆಗೆ, ಹೊಟ್ಟೆಗೆ ಬೆಲ್ಟು, ಮೂಗಿಗೆ ಸಣ್ಣ ಪೈಪು, ಬೆರಳಿಗೆ ಕ್ಲಿಪ್ಪು. ಇಷ್ಟೆಲ್ಲಾ ಕಟ್ಟಿ "ಆರಾಮಾಗಿ ಮಲಗಿ ಮೇಡಂ" ಅಂತ ಲೈಟ್ ಆರಿಸಿ ಹೋದರು. ಆರಾಮಂತೆ! ಮಗ್ಗುಲು ಬದಲಿಸಿದರೆ ವೈರು ಎಳೆಯುತ್ತಿತ್ತು. ಬೆಳಗ್ಗೆ ಮನೆಗೆ ಬಂದು ಎಣ್ಣೆ ಹಚ್ಚಿ ಸೀಗೆಪುಡಿ ಹಾಕಿ ತಿಕ್ಕಿದರೂ ಆ ಪೇಸ್ಟ್ ಪೂರ್ತಿ ಬಿಡಲಿಲ್ಲ. ರಿಪೋರ್ಟ್ ಬಂತು. ಗಂಟೆಗೆ ಸರಾಸರಿ 38 ಸಲ ಉಸಿರು ನಿಲ್ಲುವುದು ಅಥವಾ ಕಮ್ಮಿಯಾಗುವುದು. 30 ದಾಟಿದರೆ ತೀವ್ರ ಅಂತ ಲೆಕ್ಕ. ಷರತ್ತಿನಲ್ಲಿ ಬರೆದಿರುವುದೂ ಅದೇ, ತೀವ್ರವಾದ ಸ್ಲೀಪ್ ಆಪ್ನಿಯಾ.

ಈ ಸಲ ಕ್ಯಾಶ್‌ಲೆಸ್ ಒಪ್ಪಿಗೆಯಾಯಿತು. ನನ್ನ ಕಾಯಿಲೆ ಹೋದ ತಿಂಗಳೂ ಇಷ್ಟೇ ಇತ್ತು, ಕಾಗದ ಇರಲಿಲ್ಲ ಅಷ್ಟೇ. ನಮ್ಮನೆಯವರು ಈಗಲೂ "ನನ್ನ ದಯೆಯಿಂದ" ಅಂತ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಾರೆ.

ಕೈಯಿಂದ ಹೋದದ್ದೂ ಇದೆ. ಗ್ಲೌಸು, ಡೈಪರು, ಆ ಚಾರ್ಜು ಈ ಚಾರ್ಜು ಅಂತ ಬಿಲ್ಲಿನಲ್ಲಿ ಕಳೆದದ್ದು ಸುಮಾರು ಮೂವತ್ತು ಸಾವಿರ. ರೂಮಿನ ಬಾಡಿಗೆಗೆ ಮಿತಿ ಇತ್ತು, ಅದನ್ನು ಮೀರಿದರೆ ಬೇರೆ ಖರ್ಚಿನಲ್ಲೂ ಅದೇ ಪ್ರಮಾಣದಲ್ಲಿ ಕತ್ತರಿ ಬೀಳುತ್ತದೆ ಅಂತ ಶೇರಿಂಗ್ ರೂಮಿನಲ್ಲೇ ಇದ್ದೆ. ಅಡ್ಮಿಟ್ ಆಗುವ ಹಿಂದಿನ 30 ದಿನದ ಖರ್ಚು ಸಿಗುತ್ತದೆ ಅಂತ ಟೆಸ್ಟ್ ಬಿಲ್ಲುಗಳನ್ನೆಲ್ಲ ಹಾಕಿದೆ. ಎಂಡೋಸ್ಕೋಪಿಗೆ ಸಿಕ್ಕಿತು. ಸ್ಲೀಪ್ ಸ್ಟಡಿ 30 ದಿನಕ್ಕಿಂತ ಹಳೆಯದು, ಅದಕ್ಕೆ ಒಂದು ಪೈಸೆಯೂ ಸಿಗಲಿಲ್ಲ. ಒಪ್ಪಿಗೆ ಕೊಡಿಸಿದ ಟೆಸ್ಟಿಗೇ ದುಡ್ಡಿಲ್ಲ, ನೋಡಿ! ಬಿ12, ಕಬ್ಬಿಣ, ಕ್ಯಾಲ್ಸಿಯಂ ಜೀವನಪೂರ್ತಿ ಬೇಕು, ಅದು ನಮ್ಮದೇ ಖರ್ಚು.

ಮೊನ್ನೆ ಡಿಸ್ಪ್ಯಾಚ್‌ನ ಒಬ್ಬ ಹುಡುಗ ಬಂದಿದ್ದ. ಬಿಎಂಐ 33, ಶುಗರ್ ಇದೆ. ಭಾರತೀಯರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಅಂಟಿಕೊಳ್ಳುತ್ತದೆ ಅಂತ ನಮ್ಮ ದೇಶದ ವೈದ್ಯರೇ 2009ರಲ್ಲಿ ಕೂತು, ಕಾಯಿಲೆ ಜೊತೆಗಿದ್ದರೆ 32.5ಕ್ಕೇ ಆಪರೇಷನ್ ಯೋಚಿಸಬಹುದು ಅಂದಿದ್ದಾರೆ. ಪಾಲಿಸಿ ಮಾತ್ರ 35ಕ್ಕೇ ಅಂಟಿಕೊಂಡಿದೆ. ಅದನ್ನು ಅವನಿಗೆ ಹೇಳಿದೆ. ಏಪ್ರಿಲ್‌ನಲ್ಲಿ ರಿನ್ಯೂವಲ್ ಇದೆ, ಅಷ್ಟರೊಳಗೆ ಇಬ್ಬರೂ ಸೇರಿ ಎಚ್‌ಆರ್‌ಗೆ ಒಂದು ಅರ್ಜಿ ಕೊಡೋಣ, ಈ ಕಲಮನ್ನು ಸಡಿಲ ಮಾಡಿಸಿದರೆ ಪ್ರೀಮಿಯಂ ಎಷ್ಟಾಗುತ್ತೆ ಅಂತ ಬ್ರೋಕರ್ ಹತ್ತಿರ ಕೇಳಲಿ ಅಂದೆ. ಹೂಂ ಅಂದ. ಆಮೇಲೆ ಸ್ವಲ್ಪ ಹಿಂಜರಿದು ಕೇಳಿದ: "ಅರ್ಜಿಯಲ್ಲಿ ನನ್ನ ತೂಕ ಬರೀಬೇಕಾ ಅಕ್ಕಾ?"

ಬೇಡಪ್ಪಾ ಅಂದೆ. ಹೆಸರು ಸಾಕು.