ಹೋಗ್ತೀನಿ ಅಲ್ಲ, ಬರ್ತೀನಿ

ನಿನ್ನೆ ಬಾಗಲಕೋಟೆ ನವನಗರದ ನಮ್ಮ ಮನೆಗೆ ಒಡಿಶಾದ ಸಹೋದ್ಯೋಗಿ ಊಟಕ್ಕೆ ಬಂದಿದ್ದ. ಆರು ತಿಂಗಳಿಂದ ಮೊಬೈಲ್ ಆ್ಯಪ್‌ನಲ್ಲಿ ಕನ್ನಡ ಕಲಿಯುತ್ತಿದ್ದಾನೆ. ವಿಭಕ್ತಿ ಒಂದೂ ತಪ್ಪೋದಿಲ್ಲ, ನನಗಿಂತ ಪಕ್ಕಾ!

ಅವ್ವ ಎಣಗಾಯಿ ಬಡಿಸಿ, 'ಇನ್ನೊಂದ ರೊಟ್ಟಿ ಹಾಕ್ಲೇನಪಾ?' ಅಂದಳು. 'ನನಗೆ ಬೇಡ' ಅಂದ. ಅವ್ವನ ಮುಖ ಸಣ್ಣದಾಯ್ತು. 'ಸಾಕ್ರೀ, ಹೊಟ್ಟಿ ತುಂಬೇತಿ' ಅಂದಿದ್ದರೆ ನಕ್ಕು ಇನ್ನೊಂದು ಹಾಕೇ ಬಿಡುತ್ತಿದ್ದಳು.

ಏಳುವಾಗ 'ನಾನು ಹೋಗುತ್ತೇನೆ' ಅಂದ. ಅವ್ವ ಸುಮ್ನಿರಲಿಲ್ಲ. 'ಹಂಗ ಅನಬಾರ್ದೋ ತಮ್ಮಾ, ಹೋಗಿ ಬರ್ತೀನಿ ಅನಬೇಕು.' ಅವನು ಗೊಂದಲದಲ್ಲಿ ನನ್ನ ಕಡೆ ನೋಡಿದ.

ವ್ಯಾಕರಣ ಸರಿಯಿದ್ದರೆ ಸಾಲದು, ಯಾರಿಗೆ ಯಾವಾಗ ಏನು ಹೇಳಬೇಕು ಅನ್ನೋದೂ ಬರಬೇಕು ಅಲ್ವಾ. ಅಮೆರಿಕದ ಭಾಷಾವಿಜ್ಞಾನಿ ಡೆಲ್ ಹೈಮ್ಸ್ 1960ರ ದಶಕದಲ್ಲಿ ಇದನ್ನೇ ಸಂವಹನ ಸಾಮರ್ಥ್ಯ ಅಂದರು. 1980ರಲ್ಲಿ ಕೆನೇಲ್ ಮತ್ತು ಸ್ವೇನ್ ಅನ್ನೋ ಭಾಷಾ ಸಂಶೋಧಕರು ಇನ್ನೊಂದನ್ನೂ ಅದರೊಳಗೆ ಸೇರಿಸಿದರು: ಪದ ಸಿಗದಾಗ ಹೇಗೋ ದಾಟಿಸುವ ಜಾಣತನ.

ಅದು ನಮ್ಮ ಹುಡುಗನಿಗೆ ಜಾಸ್ತಿನೇ ಇದೆ. ಗುರೆಳ್ಳು ಚಟ್ನಿಯ ಹೆಸರು ಬಾಯಿಗೆ ಬರಲಿಲ್ಲ. ಬೆರಳು ನೆಕ್ಕಿ, 'ಅವ್ವಾ, ಆ ಕರಿ ಪುಡಿ!' ಅಂದ. ಅವ್ವ ಡಬ್ಬಿ ತುಂಬಿ ಕಟ್ಟಿಕೊಟ್ಟಳು.